ಮನೆ ಹುಡುಗ ಗಾಂಜಾ, ಮಾತ್ರೆ ಅಂತ ದಾರಿ ತಪ್ಪಿದ್ದಾನೆ. ಕೊಡಗಿನವರು ಯಾರಾದರೂ ಸಲಹೆ ಕೊಡಿ

ಪೊನ್ನಂಪೇಟೆ ಅಕ್ಕ:

ಎಲ್ಲರಿಗೂ ನಮಸ್ಕಾರ. ಹೆಸರು ಹಾಕುವುದಿಲ್ಲ. ನಮ್ಮ ಕಡೆ ಮನೆ ಹೆಸರು ಹೇಳಿದರೆ ಸಾಕು, ಇಡೀ ನಾಡಿಗೆ ಯಾರು ಅಂತ ಗೊತ್ತಾಗುತ್ತೆ.

ನನ್ನ ತಮ್ಮನ ಮಗನಿಗೆ 21 ವರ್ಷ. ಹೊರ ಜಿಲ್ಲೆಯಲ್ಲಿ ಓದುತ್ತಿದ್ದ. ಕಾಫಿ ಕೊಯ್ಲಿನ ಹೊತ್ತಿಗೆ ಮನೆಗೆ ಬಂದವನು ಮತ್ತೆ ಕಾಲೇಜಿನ ಕಡೆ ಹೋಗಲಿಲ್ಲ. ಮಧ್ಯಾಹ್ನದವರೆಗೂ ಮಲಗುತ್ತಾನೆ, ರಾತ್ರಿಯೆಲ್ಲ ಎದ್ದಿರುತ್ತಾನೆ. ಮೊದಲು ಬರೀ ಗಾಂಜಾ ಅಂದುಕೊಂಡಿದ್ದೆವು. ಈಗ ಬ್ಯಾಗಿನಲ್ಲಿ ಖಾಲಿ ಮಾತ್ರೆ ಶೀಟುಗಳು ಸಿಗುತ್ತಿವೆ. ಹೋದ ತಿಂಗಳು ಸ್ಟೋರಿನಲ್ಲಿದ್ದ ಒಣಗಿಸಿದ ಕರಿಮೆಣಸಿನ ಮೂಟೆ ಒಂದು ಕಾಣೆಯಾಯಿತು. ನನ್ನ ತಮ್ಮ ಆಳುಗಳ ಮೇಲೆ ಕೂಗಾಡಿದ. ಆಮೇಲೆ ನೋಡಿದರೆ ಮಾರಿದವನು ಇವನೇ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಮದುವೆ ಮಾಡಿ, ಸರಿಹೋಗುತ್ತಾನೆ ಅನ್ನುತ್ತಾರೆ. ಇನ್ನೊಬ್ಬರು ದೂರದ ನೆಂಟರ ತೋಟಕ್ಕೆ ಕಳಿಸಿ ಅನ್ನುತ್ತಾರೆ. ಒಕ್ಕದ, ಅಂದರೆ ಮನೆತನದ ಹಿರಿಯರಿಗೆ ಗೊತ್ತಾಗುವುದು ಬೇಡ, ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತ ತಮ್ಮನಿಗೆ ಭಯ. ನನಗೆ ಮಾತ್ರ ದಿನ ಹೋದಷ್ಟೂ ಹುಡುಗ ಕೈ ತಪ್ಪುತ್ತಿದ್ದಾನೆ ಅನ್ನಿಸುತ್ತಿದೆ. ತಿಳಿದವರು ಹೇಳಿ.

ಎಸ್ಟೇಟ್ ರೈಟರ್, ಸಿದ್ದಾಪುರ:

ಅಕ್ಕ, ಬೇಜಾರಾಯಿತು. ಆದರೆ ಇದು ನಿಮ್ಮ ಮನೆಯದು ಮಾತ್ರ ಅಲ್ಲ. ನಮ್ಮ ಸುತ್ತಮುತ್ತ ಮೂರು ನಾಲ್ಕು ಮನೆಗಳಲ್ಲಿ ಇದೇ ಕತೆ, ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ. ಎಲ್ಲಾ ಹೊರಗಿನಿಂದ ಬರುತ್ತಿರುವುದು. ಮಾಕುಟ್ಟ, ಕುಟ್ಟ, ಕರಿಕೆ, ಸಂಪಾಜೆ, ಕೊಪ್ಪ ಗೇಟ್, ಜಿಲ್ಲೆಯ ಗಡಿಯಲ್ಲಿ ಪೊಲೀಸರು ಎಷ್ಟು ಕಡೆ ಅಂತ ಕಾಯುತ್ತಾರೆ? ಹೊರ ರಾಜ್ಯದಿಂದ ಬರುವ ಕೆಲಸದವರ ಕೈಯಲ್ಲೂ ಬರುತ್ತೆ.

ಹೋಂಸ್ಟೇ, ಗಾಳಿಬೀಡು:

ರೈಟ್ರೇ, ಪ್ರವಾಸಿಗರ ಮೇಲೂ ಒಂದು ಮಾತು ಹಾಕಿಬಿಡಿ! ಬೆಂಗಳೂರಿನಿಂದ ವೀಕೆಂಡ್‌ಗೆ ಬರುವ ಹುಡುಗರು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ, ಅದು ನಿಜ. "ಇಲ್ಲಿ ಸೊಪ್ಪು ಸಿಗುತ್ತಾ ಅಂಕಲ್" ಅಂತ ನೇರವಾಗಿ ಕೇಳಿದವರೂ ಇದ್ದಾರೆ. ನಾನು ರೂಮ್ ಕೊಡಲಿಲ್ಲ. ಆದರೆ ಅವರಿಗೆ ತಂದು ಕೊಡುವವನು ನಮ್ಮೂರ ಹುಡುಗನೇ ಅಲ್ವಾ? ಕಮಿಷನ್ ಆಸೆಗೆ ಶುರು ಮಾಡುತ್ತಾನೆ. ಆಮೇಲೆ ಅವನೇ ಗಿರಾಕಿ.

ನಿವೃತ್ತ ಮೇಷ್ಟ್ರು, ನಾಪೋಕ್ಲು:

ಯಾರು ತಂದರು ಅನ್ನುವುದನ್ನು ಪೊಲೀಸರು ನೋಡಿಕೊಳ್ಳಲಿ. 2024ರಲ್ಲಿ ಮಡಿಕೇರಿಯಲ್ಲಿ ಹೈಡ್ರೋ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸುವ ಗಾಂಜಾ) ಹಿಡಿದರಲ್ಲ, ಅದು ಬ್ಯಾಂಕಾಕ್ ಕಡೆಯಿಂದ ಬಂದದ್ದು ಅಂತ ಪತ್ರಿಕೆಯಲ್ಲಿ ಓದಿದೆವು. ಅಸ್ಸಾಮಿನಿಂದ ಹೊಟ್ಟೆಪಾಡಿಗೆ ಬಂದು ತೋಟದ ಕೆಲಸದವರ ಲೈನ್ ಮನೆಯಲ್ಲಿ ಇರುವವರನ್ನು ಬೈದರೆ ಏನೂ ಸಿಗುವುದಿಲ್ಲ. ಈ ಅಕ್ಕ ಕೇಳಿರುವುದು ಹುಡುಗನನ್ನು ಉಳಿಸಿಕೊಳ್ಳುವುದು ಹೇಗೆ ಅಂತ. ಅದಕ್ಕೆ ಉತ್ತರ ಕೊಡೋಣ.

ವಾರ್ಡ್ ಸಿಸ್ಟರ್, ಮಡಿಕೇರಿ:

ಪೊನ್ನಂಪೇಟೆ ಅಕ್ಕ, ಮೊದಲ ಕೆಲಸ ಒಂದಿದೆ. ಆ ಖಾಲಿ ಶೀಟುಗಳನ್ನು ಬಿಸಾಡಬೇಡಿ. ಒಂದು ಕವರಿನಲ್ಲಿ ಹಾಕಿ ಎತ್ತಿಡಿ, ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಮಾತ್ರೆ ಅನ್ನುವುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುತ್ತೆ.

ಕೆಲವು ಹುಡುಗರು ನಿದ್ದೆ ಮಾತ್ರೆ ತಗೊಳ್ಳುತ್ತಾರೆ. ಆಲ್ಪ್ರಜೋಲಂ, ನೈಟ್ರಜೆಪಾಂ ಥರದ್ದು. ದಿನಾ ಜಾಸ್ತಿ ಜಾಸ್ತಿ ತಗೊಳ್ಳುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಇನ್ನು ಕೆಲವರು ಟ್ರಮಡಾಲ್ ಥರದ ನೋವಿನ ಮಾತ್ರೆ ತಗೊಳ್ಳುತ್ತಾರೆ. ಅವು ಅಫೀಮಿನ ಹಾಗೆ ಕೆಲಸ ಮಾಡುತ್ತವೆ. ನಿಲ್ಲಿಸಿದಾಗ ಮೈಕೈ ನೋವು, ಮೂಗು ಸೋರುವುದು, ಆಕಳಿಕೆ, ಭೇದಿ, ನಿದ್ದೆ ಇಲ್ಲ. ನೋಡಿದವರು ಜ್ವರ ಅಂದುಕೊಳ್ಳುತ್ತಾರೆ. ಹುಡುಗ ಆ ಹಿಂಸೆ ತಾಳಲಾರದೆ ಮತ್ತೆ ಮಾತ್ರೆ ಹುಡುಕಿಕೊಂಡು ಹೋಗುತ್ತಾನೆ. ಮನೆಯವರು "ಇವನಿಗೆ ಮನಸ್ಸೇ ಇಲ್ಲ" ಅನ್ನುತ್ತಾರೆ. ಮನಸ್ಸು ಇರುತ್ತೆ, ಮೈ ಕೇಳುವುದಿಲ್ಲ. ಇದಕ್ಕೆ ಔಷಧಿ ಇದೆ. ಹಾಗಾಗಿ ರೂಮಿನಲ್ಲಿ ಕೂಡಿ ಬೀಗ ಹಾಕುವುದು, ದೂರದ ತೋಟಕ್ಕೆ ಕಳಿಸುವುದು ಎರಡೂ ಬೇಡ. ಅಲ್ಲಿ ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಹೇಳಿ?

ಇನ್ನೊಂದು ವಿಷಯ. ಕೆಲವು ವಾರ ಬಿಟ್ಟಿದ್ದವನು ಮತ್ತೆ ಶುರು ಮಾಡುವಾಗ ಹಳೆಯ ಅಳತೆಯಲ್ಲೇ ತಗೊಂಡರೆ ಉಸಿರೇ ನಿಂತುಹೋಗಬಹುದು. ಅಷ್ಟನ್ನು ತಡೆಯುವ ಶಕ್ತಿ ಮೈಗೆ ಆಗ ಇರುವುದಿಲ್ಲ. ಎಬ್ಬಿಸಿದರೂ ಏಳುತ್ತಿಲ್ಲ, ತುಟಿ ನೀಲಿ, ಉಸಿರು ನಿಧಾನ ಅಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಮಲಗಿ ಏಳಲಿ ಅಂತ ಬಿಡಬೇಡಿ. ಮಾತ್ರೆಯ ಜೊತೆ ಎಣ್ಣೆ, ಅಂದರೆ ಮದ್ಯವೂ ಸೇರಿದರೆ ಇನ್ನೂ ಅಪಾಯ.

ಪೊನ್ನಂಪೇಟೆ ಅಕ್ಕ:

ಸಿಸ್ಟರ್, ತುಂಬಾ ಉಪಕಾರ. ಶೀಟುಗಳನ್ನು ಎತ್ತಿಟ್ಟಿದ್ದೇನೆ. ಎಲ್ಲಿಗೆ ಕರೆದುಕೊಂಡು ಹೋಗುವುದು? ಕೇಸ್ ವಿಷಯ?

ವಕೀಲ, ವಿರಾಜಪೇಟೆ:

ಅಕ್ಕ, ಕೇಸಿನ ಭಯ ಎಲ್ಲರಿಗೂ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆಯ ಕೇಸ್ ಅಥವಾ ಅಲ್ಪ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರ ಆಗಬೇಕು, ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೆ. ನಿಮ್ಮ ಹುಡುಗನ ಮೇಲೆ ಕೇಸೇ ಇಲ್ಲ. ಆಸ್ಪತ್ರೆಗೆ ಹೋಗಲು ಯಾಕೆ ಹೆದರುತ್ತೀರಿ? ಡಾಕ್ಟರ್ ನೋಡುವುದು ರೋಗಿಯನ್ನು.

ಹೆದರಬೇಕಾದದ್ದು ಬೇರೆ. ಗಾಂಜಾ 1 ಕೆಜಿಯೊಳಗೆ ಅಲ್ಪ ಪ್ರಮಾಣ. ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿಂದ 20 ಕೆಜಿವರೆಗೆ ಹತ್ತು ವರ್ಷದ ತನಕ ಹೋಗಬಹುದು. 20 ಕೆಜಿ ದಾಟಿದರೆ ಕನಿಷ್ಠವೇ ಹತ್ತು ವರ್ಷ. ಹುಡುಗರು ಇದನ್ನು ಕೇಳಿ "ನಮ್ಮ ಹತ್ತಿರ ಅಷ್ಟೆಲ್ಲ ಎಲ್ಲಿದೆ" ಅನ್ನುತ್ತಾರೆ. ಎಂಡಿಎಂಎ ಅನ್ನುವ ರಾಸಾಯನಿಕ ಮಾದಕದ ಲೆಕ್ಕ ಹಾಗಲ್ಲ. ಅದರಲ್ಲಿ ಅಲ್ಪ ಪ್ರಮಾಣ ಅಂದರೆ ಅರ್ಧ ಗ್ರಾಂ, ವಾಣಿಜ್ಯ ಪ್ರಮಾಣ ಅಂದರೆ 10 ಗ್ರಾಂ. ಸ್ನೇಹಿತರಿಗೆಲ್ಲ ಸೇರಿಸಿ ಬೆಂಗಳೂರಿನಿಂದ ತಂದವನ ಜೇಬಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕರೆ ಹತ್ತರಿಂದ ಇಪ್ಪತ್ತು ವರ್ಷ. ಜಾಮೀನೂ ಸುಲಭಕ್ಕೆ ಸಿಗುವುದಿಲ್ಲ. "ನಾನು ಮಾರಲಿಲ್ಲ, ಹಂಚಿಕೊಂಡೆ" ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಹೋಂಸ್ಟೇಯವರೇ, ನೀವು ರೂಮ್ ಕೊಡದೆ ಇದ್ದದ್ದು ಒಳ್ಳೆಯದಾಯಿತು. ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕನಿಗೆ ಸೆಕ್ಷನ್ 25ರಲ್ಲಿ ಆ ಅಪರಾಧಕ್ಕೆ ಇರುವ ಶಿಕ್ಷೆಯೇ ಆಗುತ್ತೆ.

ಹೋಂಸ್ಟೇ, ಗಾಳಿಬೀಡು:

ಸರ್, ಈ ಸೆಕ್ಷನ್ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ ರಿಸೆಪ್ಷನ್‌ನಲ್ಲಿ ಹಾಕುತ್ತೇನೆ. ಅಸೋಸಿಯೇಷನ್ ಗ್ರೂಪಿಗೂ ಕಳಿಸುತ್ತೇನೆ.

ಬಿಟ್ಟವನು, ಕುಶಾಲನಗರ:

ಅಕ್ಕ, ನಾನು ಆ ಹುಡುಗನ ಜಾಗದಲ್ಲಿ ಇದ್ದವನು. ಹಾಗಾಗಿ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿ ಸೈಕಲ್ ಪಂಕ್ಚರ್ ಸಲ್ಯೂಷನ್ ಮೂಸುವುದರಿಂದ ಶುರು. ಕರ್ಚೀಫಿಗೆ ಹಾಕಿಕೊಂಡು ಶಾಲೆ ಹಿಂದಿನ ಪೈಪಿನ ಹತ್ತಿರ ಕೂರುತ್ತಿದ್ದೆವು. ಅದು ಅಂಗಡಿಯಲ್ಲಿ ಸಿಗುವ ವಸ್ತು, ಯಾರೂ ಕೇಳುತ್ತಿರಲಿಲ್ಲ. ಪಿಯುಸಿಯಲ್ಲಿ ಗಾಂಜಾ. ಎಲ್ಲರೂ "ಅದು ಗಿಡ, ಏನೂ ಆಗಲ್ಲ" ಅನ್ನುತ್ತಿದ್ದರು. ನನ್ನ ಜೊತೆ ಸೇದಿದ ಕೆಲವರಿಗೆ ಏನೂ ಆಗಲೂ ಇಲ್ಲ, ಅದು ನಿಜ. ನನಗೆ ಆಯಿತು. ಪಕ್ಕದ ಮನೆಯವರು ಗೋಡೆಯ ಆಚೆ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸಲು ಶುರುವಾಯಿತು. ರಾತ್ರಿ ನಾಯಿ ಬೊಗಳಿದರೆ ಯಾರೋ ಪೊಲೀಸರಿಗೆ ಸಿಗ್ನಲ್ ಕೊಡುತ್ತಿದ್ದಾರೆ ಅಂತ ನಂಬಿದ್ದೆ. ಅಮ್ಮ ಕೊಟ್ಟ ಅಕ್ಕಿ ರೊಟ್ಟಿ ಮುಟ್ಟುತ್ತಿರಲಿಲ್ಲ, ಏನೋ ಬೆರೆಸಿದ್ದಾರೆ ಅಂತ ಸಂಶಯ. ಮನೆಯವರು ಮೊದಲು ಜೋಯಿಸರ ಹತ್ತಿರ ಹೋದರು. ಆಮೇಲೆ ಮಾವ ಒಬ್ಬರು ಹಟ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಸಣ್ಣ ವಯಸ್ಸಿನಲ್ಲಿ ಶುರು ಮಾಡಿ ಜಾಸ್ತಿ ಸೇದುವವರಿಗೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಹೀಗಾಗುವ ಅಪಾಯ ಜಾಸ್ತಿ ಅಂತ ಡಾಕ್ಟರ್ ಹೇಳಿದರು. ನಮ್ಮ ಅಜ್ಜಿಯ ತಮ್ಮನಿಗೆ ಹಾಗೆ ಇತ್ತಂತೆ. ಆ ವಿಷಯ ಮನೆಯಲ್ಲಿ ಯಾರೂ ಎತ್ತಿರಲೇ ಇಲ್ಲ.

ಮಾತ್ರೆ ತಗೊಂಡೆ, ಧ್ವನಿಗಳು ನಿಂತವು. ಆದರೆ ಬಿಡುವ ಕೆಲಸ ಆಗ ಶುರುವಾಯಿತು. ಸಂಜೆ ಐದರಿಂದ ಎಂಟರ ತನಕದ ಹೊತ್ತು ತುಂಬಾ ಕಷ್ಟ. ಸಿಮ್ ಬದಲಿಸಿದೆ. ಕೈಯಲ್ಲಿ ದುಡ್ಡು ಇಟ್ಟುಕೊಳ್ಳುತ್ತಿರಲಿಲ್ಲ, ಎಟಿಎಂ ಕಾರ್ಡ್ ಅಣ್ಣನ ಹತ್ತಿರ. ಸಂಜೆ ಗ್ರೌಂಡಿಗೆ ಹೋಗುತ್ತಿದ್ದೆ. ನಡುವೆ ಜಾರಿದ್ದೂ ಇದೆ, ಮತ್ತೆ ಹೋಗಿ ಡಾಕ್ಟರ್ ಮುಂದೆ ಕೂತೆ. ಅವರು ಬೈಯಲಿಲ್ಲ. "ಬಂದಿದ್ದು ಒಳ್ಳೆಯದಾಯಿತು" ಅಂದರು, ಅಷ್ಟೆ.

ಮದುವೆ ಮಾತ್ರ ದಯವಿಟ್ಟು ಈಗ ಬೇಡ. ನನಗೂ ಹೆಣ್ಣು ನೋಡಿದ್ದರು. ಆ ಹುಡುಗಿ ಬಚಾವಾದಳು.

ಒಬ್ಬ ತಾಯಿ, ಸೋಮವಾರಪೇಟೆ:

ಕುಶಾಲನಗರದ ತಮ್ಮ, ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಪೊನ್ನಂಪೇಟೆಯವರೇ, ವ್ಯಸನ ಬಿಡಿಸುವ ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ಕಣ್ಣಾರೆ ನೋಡಿ ಬನ್ನಿ. ನನ್ನ ಮಗನನ್ನು ಜಿಲ್ಲೆಯ ಹೊರಗಿನ ಒಂದು ಕಡೆ ಸೇರಿಸಿದ್ದೆವು. ಮನೆ ಹತ್ತಿರ ಗಾಡಿ ತಂದು ಎತ್ತಿಕೊಂಡು ಹೋದರು. ಫೋನ್ ಕೊಡುತ್ತಿರಲಿಲ್ಲ. "ಒಂದು ತಿಂಗಳು ಬರಬೇಡಿ, ಮನಸ್ಸು ಕರಗುತ್ತೆ" ಅಂದರು. ನಾನು ತಡೆಯಲಾರದೆ ಹೋದೆ. ಮಣಿಕಟ್ಟಿನ ಸುತ್ತ ಕಪ್ಪು ಗುರುತು. ಕೇಳಿದರೆ ಗಲಾಟೆ ಮಾಡಿದ, ಕಟ್ಟಿದ್ದೆವು ಅಂದರು. ಅವತ್ತೇ ಕರೆದುಕೊಂಡು ಬಂದೆ. ಆಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರವೇ ತೋರಿಸಿದ್ದು. ಈಗ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ.

ವಕೀಲ, ವಿರಾಜಪೇಟೆ:

ಅಮ್ಮ, ಅದು ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ಮನಸ್ಸಿನ ತೊಂದರೆಗಳೂ ಸೇರಿವೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಆ ಕಾಯ್ದೆ ನೇರವಾಗಿ ನಿಷೇಧಿಸಿದೆ. ಕೇಂದ್ರ ನೋಂದಣಿ ಆಗಿದೆಯಾ, ಮನೋವೈದ್ಯರು ಬಂದು ನೋಡುತ್ತಾರಾ, ಮನೆಯವರು ಭೇಟಿ ಮಾಡಬಹುದಾ, ಈ ಮೂರನ್ನು ಕೇಳಿ. ನೋಂದಣಿ ಪತ್ರ ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ.

ವಾರ್ಡ್ ಸಿಸ್ಟರ್, ಮಡಿಕೇರಿ:

ಎಲ್ಲಿಗೆ ಹೋಗಬೇಕು ಅಂದಿದ್ದಿರಿ ಅಲ್ವಾ ಅಕ್ಕ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬನ್ನಿ, ಮನೋರೋಗ ವಿಭಾಗದ ಓಪಿಡಿ ಅಂತ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಸುವ ಯೋಜನೆ ಇದೆ, ನಿಮ್ಮ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ. ಕಷ್ಟದ ಕೇಸ್ ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ಕೇಂದ್ರ ಇದೆ.

ಹುಡುಗ ಬರಲು ಒಪ್ಪದಿದ್ದರೆ ಮೊದಲು ನೀವೇ ಫೋನ್ ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಈಗ ಒಂದು ಮಾತು ಹೇಳಲೇಬೇಕು, ಕೆಲವರಿಗೆ ಬೇಸರ ಆಗಬಹುದು. ಇಲ್ಲಿ ಎಲ್ಲರೂ ಗಾಂಜಾ, ಎಂಡಿಎಂಎ ಅಂತ ಬರೆಯುತ್ತಿದ್ದೀರಿ. ನಾನು ವಾರ್ಡಿನಲ್ಲಿ ಜಾಸ್ತಿ ನೋಡುವುದು ಎಣ್ಣೆ. ಮೆಣಸು ಕುಯ್ಯುವ ಕಾಲದಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಬರುತ್ತಾರೆ. ಮೊದಲ ದಿನ ಚೆನ್ನಾಗಿ ಮಾತಾಡುತ್ತಾರೆ. ಎರಡನೇ ದಿನ ಕೈ ನಡುಗುತ್ತೆ, ಬೆವರು. ಮೂರನೇ ದಿನ ಬೆಡ್‌ಶೀಟ್ ಮೇಲಿಂದ ಏನೋ ಆರಿಸಿ ತೆಗೆಯುವ ಹಾಗೆ ಬೆರಳು ಆಡಿಸುತ್ತಾರೆ, ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ, ಪ್ಲಾಸ್ಟರ್ ಕಾಲಿನಲ್ಲೇ ಎದ್ದು ತೋಟಕ್ಕೆ ಹೊರಡುತ್ತಾರೆ. ಮನೆಯವರು ದೆವ್ವ ಹಿಡಿಯಿತು ಅಂತ ಅಳುತ್ತಾರೆ. ದಿನಾ ಕುಡಿಯುವವರಿಗೆ ಒಮ್ಮೆಗೇ ನಿಂತರೆ ಹೀಗಾಗುತ್ತೆ. ಚಿಕಿತ್ಸೆ ಸಿಗದಿದ್ದರೆ ಸಾಯಬಹುದು. ಅಡ್ಮಿಟ್ ಮಾಡುವಾಗ "ಕುಡಿಯುತ್ತಾರಾ" ಅಂತ ಕೇಳಿದರೆ ಹೆಂಡತಿ, ಮಕ್ಕಳು "ಇಲ್ಲ ಸಿಸ್ಟರ್, ಯಾವಾಗಲೋ ಸ್ವಲ್ಪ" ಅನ್ನುತ್ತಾರೆ. ಆ ಸುಳ್ಳಿನಿಂದ ನಮಗೆ ಎರಡು ದಿನ ಹೋಗಿಬಿಡುತ್ತೆ.

ನಾಟಿ ಮನೆ, ಕಾಕೋಟುಪರಂಬು:

ಸಿಸ್ಟರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಎಣ್ಣೆಯನ್ನು ಇದರ ಜೊತೆ ಸೇರಿಸಬೇಡಿ. ನಮ್ಮಲ್ಲಿ ಕಾರಣವರಿಗೆ (ಮನೆತನದ ಪೂರ್ವಜರಿಗೆ) ಮೀದಿ, ಅಂದರೆ ಎಡೆ ಇಡುವಾಗಲೂ ಕಳ್ಳು, ಸಾರಾಯಿ ಇಡುತ್ತೇವೆ. ಮದುವೆ, ಪುತ್ತರಿ ಹಬ್ಬ, ಕೈಲ್‌ಪೊಳ್ದ್ ಹಬ್ಬ ಎಲ್ಲಕ್ಕೂ ಇದೆ. ಅದು ಸಂಪ್ರದಾಯ. ಗಾಂಜಾ ಬೇರೆ, ಇದು ಬೇರೆ.

ನಿವೃತ್ತ ಮೇಷ್ಟ್ರು, ನಾಪೋಕ್ಲು:

ತಮ್ಮ, ನಾನೂ ಮೀದಿ ಇಡುವ ಮನೆಯವನೇ. ಕಾರಣವರಿಗೆ ಇಡುವುದು ಒಂದು ಲೋಟ. ದಿನಾ ಸಂಜೆ ಕ್ವಾರ್ಟರ್ ಖಾಲಿ ಮಾಡುವುದನ್ನು ಅವರ ಹೆಸರಿಗೆ ಕಟ್ಟಬೇಡ.

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ ಬಂತು. ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ 14.6 ಜನ ಮದ್ಯ ಕುಡಿಯುತ್ತಾರೆ, ಸುಮಾರು 16 ಕೋಟಿ. ಗಾಂಜಾ, ಭಂಗಿ ಎಲ್ಲಾ ಸೇರಿ ಶೇ 2.8, ಸುಮಾರು 3.1 ಕೋಟಿ. ನಮ್ಮ ಕುಶಾಲನಗರದ ಹುಡುಗ ಹೇಳಿದ ಮೂಸುವ ಪದಾರ್ಥಗಳ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. ನಾನು ಕ್ಲಾಸಿನಲ್ಲಿ ಇದ್ದಾಗ ಹುಡುಗರ ಉಸಿರಿನಲ್ಲಿ ಪೇಂಟಿನ ವಾಸನೆ, ಮೂಗಿನ ಸುತ್ತ ಗುಳ್ಳೆ ಕಂಡರೆ ಪಕ್ಕಕ್ಕೆ ಕರೆದು ಮಾತಾಡುತ್ತಿದ್ದೆ. ಅಂಥದ್ದನ್ನು ಮೂಸುವಾಗ ಮೊದಲ ಸಲವೇ ಹೃದಯ ನಿಂತು ಸತ್ತವರೂ ಇದ್ದಾರೆ. ಅಸೆಂಬ್ಲಿಯಲ್ಲಿ ಭಾಷಣ ಮಾಡಿದರೆ ಹುಡುಗರು ನಗುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡರೆ ಬಾಯಿ ಬಿಡುತ್ತಾರೆ. ದೊಡ್ಡವರ ಕೈಯಲ್ಲಿ ದಿನಾ ಲೋಟ ನೋಡುವ ಹುಡುಗನಿಗೆ "ನೀನು ಸೊಪ್ಪು ಮುಟ್ಟಬೇಡ" ಅಂದರೆ ಅವನು ಕೇಳುತ್ತಾನಾ?

ಎಸ್ಟೇಟ್ ರೈಟರ್, ಸಿದ್ದಾಪುರ:

ಮೇಷ್ಟ್ರು ಹೇಳಿದ್ದು ಸರಿ. ಸಾರಾಯಿ ಮಾರಾಟ 2007ರ ಜುಲೈಯಲ್ಲಿ ನಿಂತಿತು, ಈಗ ಆ ಜಾಗಕ್ಕೆ 90 ಎಂಎಲ್ ಮದ್ಯದ ಪ್ಯಾಕೆಟ್ ಬಂದಿದೆ. ಬಟವಾಡೆ ದಿನ ಸಂಜೆ ಲೈನ್ ಮನೆ ಕಡೆ ಹೋದರೆ ಅರ್ಧ ಸಂಬಳ ಅಲ್ಲೇ ಹೋಗಿರುತ್ತೆ. ಹೆಂಗಸರು ಬಂದು "ರೈಟ್ರೇ, ದುಡ್ಡು ನಮ್ಮ ಕೈಗೆ ಕೊಡಿ" ಅಂತ ಕೇಳುತ್ತಾರೆ.

ಔಷಧಿ ಅಂಗಡಿ, ಗೋಣಿಕೊಪ್ಪ:

ಮಾತ್ರೆ ವಿಷಯ ಬಂದದ್ದಕ್ಕೆ ನಾನೂ ಹೇಳಬೇಕು. ಆಲ್ಪ್ರಜೋಲಂ, ಕೊಡೀನ್, ಟ್ರಮಡಾಲ್ ಇವೆಲ್ಲ ಎಚ್1 ಅನ್ನುವ ಕಟ್ಟುನಿಟ್ಟಿನ ಔಷಧಿ ಪಟ್ಟಿಯಲ್ಲಿ ಬರುತ್ತವೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟೆವು ಎಲ್ಲಾ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯೊಳಗೂ ಬಂದಿದೆ.

ಹುಡುಗರು ಹೇಗೆ ಬರುತ್ತಾರೆ ಗೊತ್ತಾ? ಮೊಬೈಲಿನಲ್ಲಿ ಚೀಟಿಯ ಫೋಟೊ ತೋರಿಸುತ್ತಾರೆ. ಅಜ್ಜಿಗೆ ಅನ್ನುತ್ತಾರೆ. ಹೆಸರಿನ ಜಾಗ ಅಳಿಸಿ ಬರೆದಿರುತ್ತೆ, ತಾರೀಕು ಕತ್ತರಿಸಿರುತ್ತೆ. ನಾನು ಇಲ್ಲ ಅಂದರೆ ಬೈಕ್ ಹತ್ತಿ ಮುಂದಿನ ಅಂಗಡಿಗೆ. ಅಲ್ಲೂ ಸಿಗದಿದ್ದರೆ ಆನ್‌ಲೈನ್, ಪಾರ್ಸೆಲ್. ನಾವು ಕೆಲವು ಅಂಗಡಿಯವರು ಒಬ್ಬರಿಗೊಬ್ಬರು ಫೋನ್ ಮಾಡಿ ಎಚ್ಚರಿಸುತ್ತೇವೆ. ಎಲ್ಲರೂ ಮಾಡುವುದಿಲ್ಲ, ಅದೇ ಬೇಸರ. ಒಂದು ಶೀಟಿನ ಲಾಭ ಎಷ್ಟು? ಅದಕ್ಕೋಸ್ಕರ ಯಾರ ಮನೆಯ ಮಗನನ್ನೋ ಹಾಳು ಮಾಡುವುದಾ?

ಮನೆಯವರಿಗೆ ಒಂದು ವಿನಂತಿ. ಅಜ್ಜ ಅಜ್ಜಿಯ ನಿದ್ದೆ ಮಾತ್ರೆ, ಆಪರೇಷನ್ ಆದಾಗ ಉಳಿದ ನೋವಿನ ಮಾತ್ರೆ ಫ್ರಿಜ್ ಮೇಲೆ, ಷೋಕೇಸಿನಲ್ಲಿ ಬಿದ್ದಿರುತ್ತೆ. ಎಣಿಸಿ ಬೀಗದಲ್ಲಿ ಇಡಿ.

ನಾಟಿ ಮನೆ, ಕಾಕೋಟುಪರಂಬು:

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಒಂದು ಕೆಲಸ ಮಾಡಬಹುದು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು, ಈಗ ನೂರಾರು ಒಕ್ಕಗಳು ಆಡುತ್ತವೆ. ಅಷ್ಟು ಜನ ಒಂದೇ ಕಡೆ ಸೇರುವುದು ಇನ್ನೆಲ್ಲೂ ಇಲ್ಲ. ಅಲ್ಲಿ ಒಂದು ಸ್ಟಾಲ್ ಹಾಕಿ ಡಾಕ್ಟರ್ ಒಬ್ಬರನ್ನು ಕೂರಿಸಿದರೆ? ನಮ್ಮ ಒಕ್ಕದ ಪಟ್ಟೆದಾರರ (ಮುಖ್ಯಸ್ಥರ) ಹತ್ತಿರ ನಾನು ಮಾತಾಡುತ್ತೇನೆ.

ಬಿಟ್ಟವನು, ಕುಶಾಲನಗರ:

ಸ್ಟಾಲ್ ಒಳ್ಳೆಯದು ಅಣ್ಣ. ಆದರೆ ಎಲ್ಲರೂ ನೋಡುವ ಜಾಗದಲ್ಲಿ ಆ ಬೋರ್ಡಿನ ಕೆಳಗೆ ಯಾವ ಹುಡುಗನೂ ಬಂದು ಕೂರುವುದಿಲ್ಲ. ಬಿಪಿ, ಶುಗರ್ ನೋಡುವ ಸ್ಟಾಲಿನ ಒಳಗೇ ಇಡಿ. ನಂಬರ್ ಇರುವ ಚಿಕ್ಕ ಕಾರ್ಡ್ ಕೊಡಿ, ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ನಾನು ಬಂದು ಕೂರುತ್ತೇನೆ. ಪೊನ್ನಂಪೇಟೆ ಅಕ್ಕ, ನಿಮ್ಮ ಹುಡುಗನಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಮೆಸೇಜ್ ಮಾಡಲಿ. ಮನೆಯವರಿಗೆ ಹೇಳುವುದಿಲ್ಲ ಅಂತ ತಿಳಿಸಿ, ಆಗ ಮಾಡುತ್ತಾನೆ.

ಎಸ್ಟೇಟ್ ರೈಟರ್, ಸಿದ್ದಾಪುರ:

ಸಿಸ್ಟರ್, ಆ 14416ರಲ್ಲಿ ಹಿಂದಿ, ಅಸ್ಸಾಮಿ ಮಾತಾಡುವವರು ಇದ್ದಾರಾ? ನಮ್ಮ ಲೈನ್ ಮನೆ ಗೋಡೆಗೆ ಅಂಟಿಸಬೇಕು ಅಂದುಕೊಂಡಿದ್ದೇನೆ. ಅಲ್ಲೂ 15, 16 ವಯಸ್ಸಿನ ಹುಡುಗರು ಇದ್ದಾರೆ, ಅವರನ್ನು ಕೇಳುವವರು ಯಾರೂ ಇಲ್ಲ.

ವಾರ್ಡ್ ಸಿಸ್ಟರ್, ಮಡಿಕೇರಿ:

ಇದ್ದಾರೆ ಸರ್. ಹಿಂದಿ, ಅಸ್ಸಾಮಿ, ಬಂಗಾಳಿ ಎಲ್ಲಾ ಇದೆ. ಫೋನ್ ಮಾಡಿದಾಗ ಭಾಷೆ ಆರಿಸಿಕೊಳ್ಳಬೇಕು. 18ರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಬರೆಯಿರಿ. ಮಳೆಗೆ ಹಾಳಾಗದ ಹಾಗೆ ಲ್ಯಾಮಿನೇಷನ್ ಮಾಡಿಸಿ, ನೀರು ಹಿಡಿಯುವ ನಲ್ಲಿ ಹತ್ತಿರ ಹಾಕಿದರೆ ಹೆಂಗಸರ ಕಣ್ಣಿಗೂ ಬೀಳುತ್ತೆ.